ಹಳ್ಳದ ನಕಾಶೆಯಲ್ಲಿ ಕೇರಿ ಎಲ್ಲಿದೆ?

1

ದಲಿತ ವಿಮರ್ಶೆ ಅಂದಕೂಡಲೇ ನಮ್ಮ ಕಣ್ಣು ಕತೆ, ಕಾದಂಬರಿ, ಆತ್ಮಕತೆಗಳ ಕಡೆಗೆ ಹೋಗುತ್ತದೆ. ಅದು ತಪ್ಪಲ್ಲ. ಆದರೆ ನಮ್ಮನ್ನು ಕುರಿತು, ನಮ್ಮನ್ನು ಕೇಳದೆ ಬರೆದ ಪಠ್ಯಗಳು ಸಾಹಿತ್ಯದ ಹೊರಗೇ ಹೆಚ್ಚು ಇವೆ. ಕಂದಾಯ ದಫ್ತರ, ಸರ್ವೆ ಟಿಪ್ಪಣಿ, ಗ್ರಾಮ ನಕಾಶೆ ಇವೆಲ್ಲ ಅಂಥ ಪಠ್ಯಗಳೇ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಇಲ್ಲಿ ನಾನು ಓದಲು ಹೊರಟಿರುವುದು ನಮ್ಮೂರಿನ ನಕಾಶೆಯನ್ನು.

ನಮ್ಮೂರು ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ ಇದೆ. ಶಿಗ್ಗಾವಿ ತಾಲೂಕಿನ ದುಂಡಶಿಯ ಹತ್ತಿರ ಹುಟ್ಟುವ ಈ ಹಳ್ಳ ಉತ್ತರಕ್ಕೆ ಹರಿದು, ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು, ರೋಣ ತಾಲೂಕಿನ ಮೆಣಸಗಿಯ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಹೆಸರಿಗೆ ಹಳ್ಳ. ಆದರೆ ಮಲಪ್ರಭೆಯ 11,549 ಚ.ಕಿ.ಮೀ. ಜಲಾನಯನದಲ್ಲಿ ಸುಮಾರು 5,000 ಚ.ಕಿ.ಮೀ. ಇದರ ಪಾಲಿನದು. ಸುತ್ತಲೂ ಎರಿ ಭೂಮಿ, ಇಳಿಜಾರು ಕಡಿಮೆ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುವ ಎರಿ ಮಣ್ಣು, ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಮುಂದಿನ ಮಳೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿದ್ದದ್ದೆಲ್ಲ ಮೇಲೇ ಹರಿದು ಹಳ್ಳಕ್ಕೆ ಇಳಿಯುತ್ತದೆ.

ಬೆಣ್ಣಿ, ತುಪ್ಪ, ಎಂಥ ಹೆಸರುಗಳು! ಆ ಎರಡೂ ನಮ್ಮ ಕೇರಿಯ ಒಲೆ ಕಂಡದ್ದು ಅಪರೂಪ. ಆ ಹೆಸರಿನ ಹಳ್ಳಗಳ ನೀರು ಮಾತ್ರ ಮನೆಯೊಳಗೇ ಬಂದು ಹೋಗಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗ ನಾನು ಆರನೆಯ ಇಯತ್ತೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ಸಾಲಿಗುಡಿಗೆ ಒಯ್ದದ್ದು ನೆನಪಿದೆ. 2019ರ ಆಗಸ್ಟಿನಲ್ಲಿ ಮತ್ತೆ ಹಳ್ಳ ಬಂದಾಗ ನಾನು ಎಂ.ಎ. ಓದುತ್ತ ಧಾರವಾಡದ ಹಾಸ್ಟೆಲಿನಲ್ಲಿದ್ದೆ. ಅವ್ವ ಫೋನಿನಲ್ಲಿ, “ಈ ಸಲ ಎದಿಮಟಾ ಬಂದಿಲ್ಲ, ಟೊಂಕದ ಮಟಾ ಅಷ್ಟ ಬಂದೈತಿ, ನೀ ಓದ್ಕೊ” ಅಂದಳು.

2

ನಂತರ ನಾನು ಮೇಷ್ಟ್ರಾದೆ. ಎನ್ನೆಸ್ಸೆಸ್ ಶಿಬಿರಕ್ಕೆ ಹುಡುಗರನ್ನು ನಮ್ಮೂರಿಗೇ ಕರೆತಂದು, ಹಳ್ಳ ಮತ್ತು ಅದಕ್ಕೆ ಕೂಡುವ ಸರುವುಗಳ ನೆರೆ ಅಪಾಯದ ನಕಾಶೆ ಮಾಡಿಸಿದೆ. ಸಾಮಾನು ದೊಡ್ಡದೇನಲ್ಲ. ಗ್ರಾಮ ನಕಾಶೆಯ ಪ್ರತಿ, ಅಳತೆ ಟೇಪು, ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು. ಹಳ್ಳದ ದಂಡೆಯಿಂದ ಸುರುಮಾಡಿ, ಗೋಡೆಯ ಮೇಲೆ ಉಳಿದ ನೀರಿನ ಗುರುತು ಹಿಡಿದು, ಯಾವ ಮಟ್ಟಕ್ಕೆ ನೀರು ಬಂದಿತ್ತೆಂದು ಗೆರೆ ಎಳೆಯುತ್ತ ಹೋದೆವು. ಹಳ್ಳಕ್ಕೆ ಹತ್ತಿರವಿದ್ದುದಕ್ಕೆ ಕೆಂಪು, ದೂರವಿದ್ದುದಕ್ಕೆ ಹಸಿರು.

ಮೂರನೆಯ ದಿನ ನಕಾಶೆ ತಯಾರಾಯಿತು. ಅದರಲ್ಲಿ ನಮ್ಮ ಕೇರಿ ಹಸಿರಿನಲ್ಲಿತ್ತು!

ಇದನ್ನು ಬರೆಯಲು ನನಗೆ ನಾಚಿಕೆ. ಎರಡು ಸಲ ನೀರು ಹೊಕ್ಕ ಮನೆಯಲ್ಲಿ ಹುಟ್ಟಿದವನು, ಆ ನೀರಿನಲ್ಲಿ ಅಪ್ಪನ ಹೆಗಲ ಮೇಲೆ ಕುಂತವನು, ಪೈಪು ಹಿಡಿದು ತನ್ನ ಮನೆಯನ್ನೇ ಸುರಕ್ಷಿತ ಎಂದು ಬರೆದೆ. ಯಾಕೆಂದರೆ ನಾನು ಹಳ್ಳದ ಕಡೆಯಿಂದ ಅಳೆಯುತ್ತ ಬಂದಿದ್ದೆ. ಕೇರಿ ಹಳ್ಳದಿಂದ ದೂರ ಇದೆ. ನಡುವೆ ಗುಡಿಯ ಕಟ್ಟೆಯ ಎತ್ತರ ಇದೆ. ಅಲ್ಲಿಗೆ ಗೆರೆ ನಿಂತಿತ್ತು.

ವಾಲೀಕಾರಿಕೆ ಮಾಡಿದ ಮನೆತನದ ಒಬ್ಬ ಅಜ್ಜ ಹಾಳಿ ನೋಡಿ ನಕ್ಕ. “ತಮ್ಮಾ, ಹಳ್ಳ ನಮಗ ಮುಂದಿಂದ ಬರೂದಿಲ್ಲೋ. ಬೆನ್ನ ಹಿಂದಿಂದ ಬರತೈತಿ” ಅಂದ. ಕೇರಿಯ ಹಿಂದೆ ಒಂದು ಸರುವು ಇದೆ. ಬೇಸಿಗೆಯಲ್ಲಿ ಅದು ಸರುವು ಅಂತಲೇ ತಿಳಿಯುವುದಿಲ್ಲ, ಅರ್ಧ ಉತ್ತು ಬಿಟ್ಟಿದ್ದಾರೆ. ದೊಡ್ಡ ಹಳ್ಳ ತುಂಬಿ ಹರಿಯುವಾಗ ಸರುವಿನ ನೀರಿಗೆ ಒಳಗೆ ಸೇರಲು ಜಾಗ ಸಿಗುವುದಿಲ್ಲ. ಅದು ನಿಲ್ಲುತ್ತದೆ, ಹಿಂದಕ್ಕೆ ಏರುತ್ತದೆ, ತಗ್ಗು ಹುಡುಕುತ್ತದೆ. ತಗ್ಗಿನಲ್ಲಿ ಕೇರಿ ಇದೆ. ಪೈಪು ಹಿಡಿದು ಮತ್ತೆ ನೋಡಿದೆವು. ಗುಡಿಯ ಕಟ್ಟೆಗಿಂತ ಕೇರಿಯ ಹೊಸ್ತಿಲು ಹತ್ತಿರ ಹತ್ತಿರ ಒಂದಾಳು ಕೆಳಗಿತ್ತು.

3

ಈ ತಪ್ಪು ನನ್ನೊಬ್ಬನದೇ? ನನ್ನ ಕೈಯಲ್ಲಿದ್ದ ಗ್ರಾಮ ನಕಾಶೆಯ ಚರಿತ್ರೆಯನ್ನೂ ಇಲ್ಲಿ ನೋಡಬೇಕು.

ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಕಡೆಯ ಇಂದಾಪುರದಲ್ಲಿ ಸುರುಮಾಡಿದ ಕಂದಾಯ ಸರ್ವೆ, 1840ರ ದಶಕದಲ್ಲಿ ಧಾರವಾಡ ಜಿಲ್ಲೆಗೂ ಬಂತು. 33 ಅಡಿಯ ಸರಪಳಿ. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇವತ್ತಿಗೂ ನಾವು ಹೊಲ ಅಳೆಯುವುದು ಆ ಸರಪಳಿಯ ಲೆಕ್ಕದಲ್ಲೇ. 1847ರಲ್ಲಿ ಇವರಿಬ್ಬರೂ ಡೇವಿಡ್‌ಸನ್ ಎಂಬ ಇನ್ನೊಬ್ಬ ಅಧಿಕಾರಿಯೂ ಕೂಡಿ ಬರೆದ ಜಂಟಿ ವರದಿಯಲ್ಲಿ ಮಣ್ಣಿನ ವರ್ಗೀಕರಣದ ನಿಯಮಗಳಿವೆ. ಮಣ್ಣಿಗೆ ಒಂಬತ್ತು ದರ್ಜೆ. ಜೊತೆಗೆ ಏಳು ದೋಷಗಳು, ಏಳು ಗುರುತುಗಳು: ಸುಣ್ಣದ ಹರಳು, ಉಸುಕು, ಇಳಿಜಾರು, ಹೀಗೆ. ಒಂದೊಂದು ದೋಷಕ್ಕೆ ಮಣ್ಣು ಒಂದೊಂದು ದರ್ಜೆ ಕೆಳಗಿಳಿಯುತ್ತಿತ್ತು, ಅದರಂತೆ ಆಕಾರ ಕಡಿಮೆಯಾಗುತ್ತಿತ್ತು. ಆ ಏಳರಲ್ಲಿ ಒಂದು ದೋಷ ಹರಿಯುವ ನೀರು ಹೊಲದ ಮೇಲೆ ಹಾಯ್ದುಹೋಗುವ ಸಂಭವ.

ಇದು ನೆರೆ ಅಪಾಯದ ದಾಖಲೆಯಲ್ಲದೆ ಇನ್ನೇನು? ಎಷ್ಟೋ ದಶಕಗಳ ನಂತರ, 1975ರಲ್ಲಿ, ಕೇಂದ್ರ ಸರ್ಕಾರ ನೆರೆ ಬಯಲಿನ ವಲಯೀಕರಣಕ್ಕೆ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿತು. ಅದು ಹೊಸ ವಿಚಾರ ಎಂಬಂತೆ ನಾವು ಓದುತ್ತೇವೆ. ಆದರೆ ಯಾವ ಹೊಲದ ಮೇಲೆ ನೀರು ಹಾಯುತ್ತದೆ ಎಂದು ಬರೆದಿಡುವ ಪದ್ಧತಿ 1847ರಲ್ಲೇ ಇತ್ತು. ವಸಾಹತುಶಾಹಿಗೆ ನೀರಿನ ಅಪಾಯ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿತ್ತು. ಆದರೆ ಅದು ಹೊಲಕ್ಕೆ ಬರುವ ಅಪಾಯ, ಮನೆಗೆ ಬರುವ ಅಪಾಯವಲ್ಲ. ಕಂದಾಯ ಹುಟ್ಟುವುದು ಹೊಲದಲ್ಲಿ. ಗಾಂವಠಾಣಕ್ಕೆ ಕಂದಾಯವಿಲ್ಲ, ಆದ್ದರಿಂದ ನಕಾಶೆಯಲ್ಲಿ ಅದು ಸುತ್ತು ಗೆರೆ ಹಾಕಿ ಬಿಟ್ಟ ಖಾಲಿ ಜಾಗ. ವಾಡೆ, ಗುಡಿ, ಕೇರಿ ಎಲ್ಲ ಆ ಖಾಲಿಯೊಳಗೆ.

ಇದರಲ್ಲಿ ಎಲ್ಲರೂ ಸಮಾನರಲ್ಲವೇ, ವಾಡೆಯೂ ಕಾಣುವುದಿಲ್ಲ, ಕೇರಿಯೂ ಕಾಣುವುದಿಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ವಾಡೆಯವರಿಗೆ ನಕಾಶೆಯ ತುಂಬ ಸರ್ವೆ ನಂಬರುಗಳಿದ್ದವು. ನಮಗಿದ್ದದ್ದು ಆ ಖಾಲಿ ಜಾಗದ ತಗ್ಗಿನ ಮೂಲೆ, ಮತ್ತು ಹಳ್ಳದ ದಂಡೆಗೆ ವಾಲೀಕಾರಿಕೆಯ ಒಂದು ತುಂಡು ಇನಾಮು ಹೊಲ.

4

ಆ ವಾಲೀಕಾರಿಕೆಯ ಬಗ್ಗೆ ಒಂದೆರಡು ಮಾತು. ಊರಿನ ಕಲ್ಲು ಯಾವುದು, ಗಡಿ ಎಲ್ಲಿ, ಹಳ್ಳ ಬಂದಾಗ ಎಲ್ಲಿ ದಾಟಬೇಕು, ಇದನ್ನೆಲ್ಲ ತಿಳಿದಿರಬೇಕಾದವರು ಈ ಬಿಟ್ಟಿ ಚಾಕರಿಯ ಜನ. ಹಳೇ ಮೈಸೂರಿನ ಕಡೆ ಗಡಿ ವ್ಯಾಜ್ಯದಲ್ಲಿ ಕುಳವಾಡಿಯ ಮಾತೇ ಕೊನೆ ಎನ್ನುವುದು ದಾಖಲಾಗಿದೆ. ಮುಟ್ಟಿದರೆ ಮೈಲಿಗೆ ಆಗುತ್ತಿದ್ದವನ ಮಾತು ಗಡಿಕಲ್ಲಿಗೆ ಮಾತ್ರ ಪ್ರಮಾಣ! ಹಳ್ಳ ಏರುವಾಗ ಹಲಗಿ ಬಾರಿಸಿ ಊರನ್ನು ಎಬ್ಬಿಸಿದವರೂ ಅವರೇ. ಅಜ್ಜ ಹೇಳಿದ: “ಊರ ಎಬ್ಬಿಸಿ ಮನಿಗೆ ಬರೂದ್ರಾಗ ನಮ್ಮ ಕಾಳಿನ ಗಡಿಗಿ ತೇಲತಿತ್ತು.”

ಈ ಚಾಕರಿಯನ್ನು 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಕಟ್ಟಿಹಾಕಿತ್ತು. ವತನದ ತುಂಡು ಹೊಲಕ್ಕಾಗಿ ಇಡೀ ಮನೆತನ ಹಗಲು ರಾತ್ರಿ ದುಡಿಯುವುದು ಗುಲಾಮಗಿರಿ ಎಂದು ಕಂಡ ಅಂಬೇಡ್ಕರ್ 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ತಿದ್ದುಪಡಿ ಮಸೂದೆ ತಂದರು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿಗೆ ಕಾಯ್ದೆ ಬಂದದ್ದು 1961ರಲ್ಲಿ. ಚಾಕರಿ ಹೋಗಲೇಬೇಕಿತ್ತು. ಅದಕ್ಕಾಗಿ ಯಾರೂ ಅಳಬೇಕಾಗಿಲ್ಲ. ಆದರೆ ಚಾಕರಿಯ ಜೊತೆ ಆ ಜನರ ನೀರಿನ ತಿಳಿವಳಿಕೆಯನ್ನೂ ಕೇಳುವುದನ್ನು ಊರು ಬಿಟ್ಟಿತು. ಚಾಕರಿಯನ್ನು ಬಿಡುವುದು, ತಿಳಿವಳಿಕೆಯನ್ನು ನಮ್ಮದೆಂದು ಹೇಳುವುದು, ಈ ಎರಡು ಬೇರೆ ಬೇರೆ ಕೆಲಸ. ಎರಡನೆಯದನ್ನು ನಾವು ಓದಿದವರು ಇನ್ನೂ ಮಾಡಿಲ್ಲ. ನಾನಂತೂ ಅಜ್ಜನನ್ನು ಕೇಳುವ ಮೊದಲೇ ಬಣ್ಣ ತುಂಬಿದ್ದೆ.

2020ರಲ್ಲಿ ಸುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗಾಂವಠಾಣದ ಮನೆಗಳನ್ನು ಅಳೆಯುವ ಕೆಲಸ ಕರ್ನಾಟಕದಲ್ಲೂ ನಡೆದಿದೆ. ಖಾಲಿ ಜಾಗದೊಳಗೆ ಕಡೆಗೂ ಗೆರೆಗಳು ಬಂದವು. ಇದು ಬೇಕಾದದ್ದೇ. ಆದರೆ ಮೇಲಿನಿಂದ ನೋಡಿದರೆ ಚಾವಣಿ ಕಾಣುತ್ತದೆ, ಗೋಡೆಯ ಮೇಲಿನ ನೀರಿನ ಗುರುತು ಕಾಣುವುದಿಲ್ಲ.

5

ನಕಾಶೆಯನ್ನು ಮತ್ತೆ ಬರೆದೆವು. ಈ ಸಲ ಸರುವಿನ ಬಾಯಿಂದ ಹಿಂದಕ್ಕೆ ಅಳೆದೆವು. ಕೇರಿ ಕೆಂಪಾಯಿತು. ಆಗ ಇನ್ನೊಂದು ಪ್ರಶ್ನೆ ಎದ್ದಿತು. ಕೆಂಪು ಎಂದು ಬರೆದರೆ ನಾಳೆ ಇಲ್ಲಿ ಮನೆ ಕಟ್ಟಲು ಪರವಾನಗಿ ಇಲ್ಲ ಅನ್ನಬಹುದು. ಎಬ್ಬಿಸಬಹುದು. 2009ರ ನಂತರ ಎತ್ತರದಲ್ಲಿ ಹೊಸ ಪ್ಲಾಟುಗಳಾದಾಗಲೂ ನಮಗೆ ಬಂದದ್ದು ಗಟಾರು ಇಳಿಯುವ ಕಡೆಯ ಸಾಲು. ಅನೇಕರು ಅದನ್ನು ಬಿಟ್ಟು ಹಳೇ ಕೇರಿಗೇ ತಿರುಗಿ ಬಂದರು. ಹುಡುಗರಲ್ಲಿ ಒಬ್ಬ, “ಸರ್, ಕೇರಿ ಅಂತ ಹೆಸರು ಬರೀಬೇಕಾ? ಬರೀ ಮನೆಗಳು ಅಂತ ಬರದ್ರ ಸಾಕಲ್ಲ” ಎಂದ. ಅವನ ಮಾತಿನಲ್ಲಿ ಕೇಡಿರಲಿಲ್ಲ, ಸಂಕೋಚವಿತ್ತು.

ಸಮುದಾಯ ಭವನದಲ್ಲಿ ಕೇರಿಯವರನ್ನೇ ಕೂಡಿಸಿ ಕೇಳಿದೆವು. ಜಗಳವೂ ಆಯಿತು. ಕಡೆಗೆ ಒಬ್ಬ ಆಯಿ, “ನಾವು ಇಲ್ಲಿರೂದು ಊರಿಗೆ ಗೊತ್ತೈತಿ, ನೀರಿಗೂ ಗೊತ್ತೈತಿ. ಹಾಳಿಗಷ್ಟ ಗೊತ್ತಿಲ್ಲ. ಬರೀರಿ” ಅಂದಳು. ಬರೆದೆವು. ಕೇರಿಯ ಹೆಸರು, ಸರುವಿನ ಹೆಸರು, 2009ರ ಗೆರೆ, 2019ರ ಗೆರೆ. ಅದರ ಕೆಳಗೆ ಕೇರಿಯವರ ಬೇಡಿಕೆ: ಸರುವಿನ ಬಾಯಿ ಬಿಡಿಸಬೇಕು, ಎಬ್ಬಿಸುವುದಾದರೆ ಊರಿನವರ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಜಾಗ ಕೊಡಬೇಕು. ಒಂದು ಪ್ರತಿ ಪಂಚಾಯ್ತಿಗೆ ಹೋಯಿತು, ಒಂದು ಸಮುದಾಯ ಭವನದ ಗೋಡೆಯ ಮೇಲಿದೆ.

ಕೇರಿ ತಗ್ಗಿನಲ್ಲಿರುವುದು ನಿಸರ್ಗದ ನಿಯಮವಲ್ಲ. ಮಳೆ ನಿಸರ್ಗದ್ದು, ತಗ್ಗೂ ನಿಸರ್ಗದ್ದು, ಆ ತಗ್ಗಿನಲ್ಲಿ ಯಾರಿರಬೇಕೆಂಬ ತೀರ್ಮಾನ ಮಾತ್ರ ಜಾತಿಯದು. ನೆರೆಯನ್ನು ದೈವದ ಮುನಿಸು ಅನ್ನುವವರೂ ಬರೀ ಹವಾಮಾನದ ಲೆಕ್ಕ ಅನ್ನುವವರೂ ಈ ತೀರ್ಮಾನವನ್ನು ದಾಟಿಹೋಗುತ್ತಾರೆ. ಅದನ್ನು ಹಿಡಿದು ನಿಲ್ಲಿಸುವ ಓದಿಗೆ ನಾನು ದಲಿತ ವಿಮರ್ಶೆ ಎನ್ನುತ್ತೇನೆ. ಮುಂದಿನ ಮಳೆಗಾಲದೊಳಗೆ ಪಕ್ಕದ ಎರಡು ಊರುಗಳ ಸರುವುಗಳನ್ನು ಅಳೆಯಬೇಕೆಂದಿದ್ದೇವೆ. ಈ ಸಲ ಮೊದಲು ಕೇರಿಗೆ ಹೋಗುತ್ತೇವೆ, ಪೈಪು ಆಮೇಲೆ.