ಮೈಮೇಲೆ ತೊಡುವ ಆಸರೆ: ಎಕ್ಸೋಸ್ಕೆಲಿಟನ್ ನಡೆದುಬಂದ ದಾರಿ

ದುಡಿಮೆಯಲ್ಲಿ ಸೊಂಟ, ಹೆಗಲು, ಮೊಣಕಾಲುಗಳ ಮೇಲೆ ಬೀಳುವ ಭಾರವನ್ನು ಹಂಚಿಕೊಳ್ಳಲು ಮೈಮೇಲೆ ತೊಡುವ ಚೌಕಟ್ಟು ಎಕ್ಸೋಸ್ಕೆಲಿಟನ್. ಕೆಲಸದ ಭಂಗಿಯೇ ರೋಗ ತರಬಲ್ಲದು ಎಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲೇ ಬರೆದಿದ್ದ. ಆದರೆ ಈ ಚೌಕಟ್ಟು ಹುಟ್ಟಿದ್ದು ಆ ರೋಗಕ್ಕೆ ಮದ್ದಾಗಿ ಅಲ್ಲ, ಮನುಷ್ಯನ ಬಲವನ್ನು ಹೆಚ್ಚಿಸುವ ಆಸೆಯಿಂದ.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಸ್ ಯಾಗ್ನ್ 1890ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಸಾಧನದಲ್ಲಿ ಬಿಲ್ಲಿನಾಕಾರದ ಸ್ಪ್ರಿಂಗುಗಳು ಕಾಲಿನ ಗುಂಟ ಸಾಗುತ್ತಿದ್ದವು. ನಡಿಗೆ, ಓಟ, ನೆಗೆತಗಳನ್ನು ಹಗುರಗೊಳಿಸುವುದು ಅದರ ಗುರಿ.

1965ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಅಮೆರಿಕದ ಸೇನೆಯ ನೆರವಿನಿಂದ ‘ಹಾರ್ಡಿಮನ್’ ಯೋಜನೆಯನ್ನು ಕೈಗೆತ್ತಿಕೊಂಡಿತು. ತೊಟ್ಟವನು ಸುಮಾರು 680 ಕಿಲೋ ಎತ್ತಬೇಕೆಂಬುದು ಲೆಕ್ಕಾಚಾರ. ಯಂತ್ರದ ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಂದು ತೋಳು ಮಾತ್ರ ಹೇಳಿದಂತೆ ಕೇಳಿತು. ಇಡೀ ಯಂತ್ರವನ್ನು ಚಾಲೂ ಮಾಡಿದರೆ ಹತೋಟಿ ಮೀರಿ ಅದುರಾಡುತ್ತಿದ್ದುದರಿಂದ ಒಳಗೆ ಮನುಷ್ಯನನ್ನು ನಿಲ್ಲಿಸಿ ಚಾಲೂ ಮಾಡಲೇ ಇಲ್ಲ. 1971ರ ಹೊತ್ತಿಗೆ ಯೋಜನೆ ನಿಂತಿತು.

ಸಣ್ಣ ಸೆನ್ಸರು, ಹಗುರ ಮೋಟಾರು, ಒಳ್ಳೆಯ ಬ್ಯಾಟರಿಗಳು ಬಂದ ಮೇಲೆ ದಾರಿ ತೆರೆಯಿತು. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಯೋಶಿಯುಕಿ ಸಂಕಾಯ್ ರೂಪಿಸಿದ ‘ಹಾಲ್’ ಚರ್ಮದ ಮೇಲಿನ ಕ್ಷೀಣ ವಿದ್ಯುತ್ ಸಂಕೇತಗಳಿಂದ ಚಲನೆಯ ಉದ್ದೇಶವನ್ನು ಗುರುತಿಸುತ್ತದೆ. ಅವರ ಸೈಬರ್‌ಡೈನ್ ಕಂಪನಿ 2004ರಲ್ಲಿ ಆರಂಭವಾಯಿತು. ಮುಂದೆ ರೋಗಿಗಳನ್ನು ಎತ್ತಿ ಮಲಗಿಸುವ ಶುಶ್ರೂಷಕರಿಗಾಗಿ ಸೊಂಟಕ್ಕಷ್ಟೇ ಕಟ್ಟಿಕೊಳ್ಳುವ ಮಾದರಿಯೂ ಬಂತು. ಬಗ್ಗಿ ಎತ್ತುವಾಗ ಬೆನ್ನಿನ ಸ್ನಾಯುಗಳು ಬೆನ್ನುಮೂಳೆಗೆ ತೀರ ಹತ್ತಿರದಿಂದ ಎಳೆಯಬೇಕಾದ್ದರಿಂದ ಅದರ ಡಿಸ್ಕುಗಳ ಮೇಲೆ ಎತ್ತಿದ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಆ ಎಳೆತದ ಒಂದು ಪಾಲನ್ನು ಮೋಟಾರು ವಹಿಸಿಕೊಳ್ಳುತ್ತದೆ.

ಕಾರ್ಖಾನೆಗಳಿಗೆ ಹೆಚ್ಚು ಒಗ್ಗಿದ್ದು ಮೋಟಾರೂ ಬ್ಯಾಟರಿಯೂ ಇಲ್ಲದ ಬಗೆ. ಫೋರ್ಡ್ ಕಂಪನಿ 2018ರಲ್ಲಿ 7 ದೇಶಗಳ 15 ಕಾರ್ಖಾನೆಗಳಿಗೆ ಎಕ್ಸೋವೆಸ್ಟ್ ಎಂಬ ಸ್ಪ್ರಿಂಗಿನ ಅಂಗಿಯನ್ನು ತರುವುದಾಗಿ ಪ್ರಕಟಿಸಿತು. ಕಾರಿನ ಅಡಿಭಾಗಕ್ಕೆ ಬೋಲ್ಟು ಬಿಗಿಯುವ ಕೆಲವರು ದಿನಕ್ಕೆ 4,600 ಸಲದವರೆಗೆ ಕೈ ಎತ್ತುತ್ತಾರೆ. ಸುಮಾರು 4.3 ಕಿಲೋ ತೂಕದ ಈ ಅಂಗಿ ಪ್ರತಿ ತೋಳಿಗೂ 2ರಿಂದ 7 ಕಿಲೋದಷ್ಟು ಆಸರೆ ಕೊಡುತ್ತದೆ. ಹಾರ್ಡಿಮನ್ನಿನ ಗುರಿಯ ಮುಂದೆ ಇದು ಅತ್ಯಲ್ಪ. ಹೆಗಲಿನ ದಣಿವು ಇಳಿಸಲು ಸಾಕು.

ಆದರೂ ಒಂದೆಡೆ ಇಳಿದ ಭಾರ ಮತ್ತೊಂದೆಡೆಗೆ, ಹೆಚ್ಚಾಗಿ ಸೊಂಟಕ್ಕೆ ಅಥವಾ ತೊಡೆಗೆ, ದಾಟುತ್ತದೆ. ಪಟ್ಟಿಗಳ ಒತ್ತು, ಸೆಕೆ, ಅಳತೆ ಹೊಂದದಿರುವುದು ಬಳಕೆಗೆ ತೊಡಕು. ಹೀಗಾಗಿ ಮೇಜಿನ ಎತ್ತರ ಸರಿಪಡಿಸುವುದು, ಹೊರೆ ಕಡಿಮೆ ಮಾಡುವುದು, ಎತ್ತುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಮೊದಲ ಕ್ರಮಗಳೆನಿಸಿವೆ. ಅವು ಸಾಧ್ಯವಾಗದ ಕಡೆ ಎಕ್ಸೋಸ್ಕೆಲಿಟನ್ ಪೂರಕವಾಗಿ ಬಳಕೆಗೆ ಬರುತ್ತದೆ.