ಬೆಳಕಿನ ವಾದ್ಯಕ್ಕೆ ಮೀಂಡ್ ಒಲಿದೀತೆ?

1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನು ತನ್ನ ಪ್ರಸಾರದಿಂದ ದೂರವಿಟ್ಟಿದ್ದನ್ನು ಸಂಗೀತಪ್ರಿಯರು ಬಲ್ಲರು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಆ ವಾದ್ಯ ಸ್ವರದಿಂದ ಸ್ವರಕ್ಕೆ ಜಿಗಿಯಬಲ್ಲುದು, ಜಾರಲಾರದು. ಮೀಂಡ್ ಅದಕ್ಕೆ ಎಟುಕದು ಎಂಬುದೊಂದು ಮುಖ್ಯ ಆಕ್ಷೇಪ. ಬೆಳಕಿನ ವಾದ್ಯಗಳ ಚರಿತ್ರೆಯನ್ನು ನೋಡುವಾಗಲೂ ನನಗೆ ಇದೇ ಪ್ರಶ್ನೆ ಎದುರಾಗುತ್ತದೆ.

ಫ್ರಾನ್ಸಿನ ಬರ್ನಾರ್ ಶಾಜ್ನರ್ 1980ರ ಸುಮಾರಿಗೆ ಲೇಸರ್ ಹಾರ್ಪ್ ರೂಪಿಸಿದರು. ತಂತಿಗೆ ಬದಲು ಕಿರಣ. ಕೈ ಅಡ್ಡಬಂದರೆ ಆ ಕಿರಣಕ್ಕೆ ಗೊತ್ತುಮಾಡಿದ ಸ್ವರ ನುಡಿಯುತ್ತದೆ. ನೋಟಕ್ಕೆ ವೀಣೆ, ಸ್ವಭಾವಕ್ಕೆ ಹಾರ್ಮೋನಿಯಂ!

ಹವ್ಯಾಸಿಗಳ ವಾದ್ಯ ಇನ್ನೂ ಸರಳ. ಬೆಳಕು ಹೆಚ್ಚಿದಂತೆ ವಿದ್ಯುತ್ತಿಗೆ ತಡೆ ತಗ್ಗಿಸುವ ಎಲ್.ಡಿ.ಆರ್., 1972ರಲ್ಲಿ ಮಾರುಕಟ್ಟೆಗೆ ಬಂದ 555 ಎಂಬ ಐ.ಸಿ., ಕೆಪಾಸಿಟರ್, ಸ್ಪೀಕರ್, ಬ್ಯಾಟರಿ, ಇನ್ನೊಂದಿಷ್ಟು ಬಿಡಿಭಾಗಗಳಿದ್ದರೆ ಭೀಮಾತೀರದ ದೇವಣಗಾಂವದ ಹುಡುಗನೂ ಅದನ್ನು ಕಟ್ಟಬಹುದು. ಅಂಗೈಯ ನೆರಳು ದಟ್ಟವಾದಂತೆ ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ, ಧ್ವನಿ ಇಳಿಯುತ್ತದೆ. ಕೈ ಸರಿದಂತೆ ಏರುತ್ತದೆ. ಇಲ್ಲಿ ಮೀಂಡ್ ಉಂಟು. ಆದರೆ ಸ್ವರಕ್ಕೆ ನೆಲೆಯಿಲ್ಲ. ಮೋಡ ಮುಸುಕಿದರೂ ಷಡ್ಜ ಜಾರುತ್ತದೆ.

ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಷಡ್ಜವನ್ನು ಯಂತ್ರ ಹಿಡಿದು ನಿಲ್ಲಿಸೀತು. ಅಲ್ಲಿಂದ ಗಾಂಧಾರದವರೆಗಿನ ದಾರಿಯನ್ನು ಕಿವಿಯೇ ಕಂಡುಕೊಳ್ಳಬೇಕು. ಅಂಥ ಪೆಟ್ಟಿಗೆಯೊಂದನ್ನು ಪಕ್ಕದಲ್ಲಿಟ್ಟುಕೊಂಡೇ ನಮ್ಮ ಮಕ್ಕಳು ಈ ವಾದ್ಯವನ್ನು ನುಡಿಸಲಿ ಎಂಬುದು ನನ್ನ ಆಸೆ.