ಹುಡುಕಿದರೆ ಸಿಗುವ ಕನ್ನಡ

ರಾಮನಗರ ತಾಲ್ಲೂಕಿನ ಹೋಬಳಿಗಳಲ್ಲಿ ಕೂಟಗಲ್ ಒಂದು. ನೀವು ಆ ಊರಿನವರೇ ಆಗಿದ್ದು, ಊರಿನ ಬಗ್ಗೆ ಕನ್ನಡದಲ್ಲಿ ಏನಿದೆ ಎಂದು ಅಂತರಜಾಲದಲ್ಲಿ ಹುಡುಕುತ್ತೀರಿ ಎಂದುಕೊಳ್ಳಿ. ‘ಕೂಟಗಲ್’ ಎಂದು ಬೆರಳಚ್ಚಿಸಿದಾಗ ಸರ್ಚ್ ಎಂಜಿನ್, ಅಂದರೆ ಶೋಧಕ ಯಂತ್ರಕ್ಕೆ ತಲುಪುವುದು ಆರು ಸಂಖ್ಯೆಗಳು: 3221, 3266, 3231, 3223, 3250, 3277. ಕ, ಊಕಾರದ ಚಿಹ್ನೆ, ಟ, ಗ, ಲ ಮತ್ತು ವಿರಾಮ ಚಿಹ್ನೆಗಳಿಗೆ ನಿಗದಿಯಾದ ಸ್ಥಾನಗಳಿವು. ಅಕ್ಷರದ ಆಕಾರ ಯಂತ್ರಕ್ಕೆ ಮುಖ್ಯವಲ್ಲ. ಸಂಖ್ಯೆಗಳು ಹೊಂದಿದರೆ ಪುಟ ಸಿಗುತ್ತದೆ. ಒಂದು ಕಾಲದಲ್ಲಿ ಕನ್ನಡದ ಪುಟಗಳು ಕಣ್ಣಿಗೆ ಕಂಡರೂ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಏಕೆ ಎಂಬುದನ್ನು ನೋಡೋಣ.

ಫಾಂಟುಗಳ ಕಾಲ

ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ಡಾ. ಯು.ಬಿ. ಪವನಜ ಅವರು 1996ರ ಡಿಸೆಂಬರ್‌ನಲ್ಲಿ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಇವುಗಳಿಂದ ಸಾವಿರಾರು ಜನ ಗಣಕದಲ್ಲಿ ಕನ್ನಡ ಬರೆಯಲು ಕಲಿತರು.

ಆದರೆ ಅಂದಿನ ವ್ಯವಸ್ಥೆಗೆ ಒಂದು ಮಿತಿ ಇತ್ತು. ಆಗಿನ ಸಾಮಾನ್ಯ ಗಣಕಗಳಿಗೆ ಕನ್ನಡದ ಪರಿಚಯವೇ ಇರಲಿಲ್ಲ. ಆದ್ದರಿಂದ ರೋಮನ್ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಯಿತು. ನುಡಿಯ ಸಂಕೇತದಲ್ಲಿ ‘ಕನ್ನಡ’ ಎಂಬ ಪದಕ್ಕೆ ಏಳು ಸ್ಥಾನಗಳು ಬೇಕು. ಫಾಂಟನ್ನು ತೆಗೆದು ನೋಡಿದರೆ ಅಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ಪೌಂಡ್ ಹಣದ ಗುರುತು, ಜರ್ಮನರ ಒಂದು ವಿಶೇಷ ಅಕ್ಷರ, ಕ್ಯೂ ಮತ್ತು ಇವುಗಳ ನಡುವೆ ಮೂರು ಬಾರಿ ಬರುವ, ತಲೆಯ ಮೇಲೆ ಗೆರೆಯಿರುವ ಎ.

ಶೋಧಕ ಯಂತ್ರದ ಕೆಲಸವನ್ನು ಪುಸ್ತಕದ ಕೊನೆಯ ಪದಸೂಚಿಗೆ ಹೋಲಿಸಬಹುದು. ಅದರ ತಂತ್ರಾಂಶ ಜಾಲತಾಣಗಳನ್ನು ಸುತ್ತಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಡುತ್ತದೆ. ಹಳೆಯ ಫಾಂಟಿನ ಪುಟದಿಂದ ಅದು ಪಟ್ಟಿಗೆ ಸೇರಿಸಿದ್ದು ಮೇಲಿನಂಥ ಕಲಸುಮೇಲೋಗರವನ್ನು. ಪತ್ರಿಕೆಗಳು ಬೇರೆ ಬೇರೆ ಸಂಕೇತಗಳನ್ನು ಬಳಸಿದ್ದರಿಂದ ಒಂದೇ ಪದಕ್ಕೆ ಹಲವು ಬಗೆಯ ಕಲಸುಮೇಲೋಗರಗಳಾದವು.

ಯೂನಿಕೋಡ್ ತಂದ ಬದಲಾವಣೆ

ಪರಿಹಾರ ಆ ಹೊತ್ತಿಗಾಗಲೇ ಸಿದ್ಧವಾಗಿತ್ತು. 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಲಾಗಿತ್ತು. ಇದಕ್ಕೆ ಆಧಾರವಾದದ್ದು ಭಾರತೀಯ ಭಾಷೆಗಳಿಗೆಂದು ನಮ್ಮ ದೇಶದಲ್ಲೇ ರೂಪಿಸಿದ ಇಸ್ಕಿ ಸಂಕೇತ. ಆದರೆ ಸಂಕೇತ ಇದ್ದರೆ ಸಾಲದು, ಅದನ್ನು ತೆರೆಯ ಮೇಲೆ ಸರಿಯಾಗಿ ಜೋಡಿಸಿ ತೋರಿಸುವ ವ್ಯವಸ್ಥೆಯೂ ಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಂದಿಗೆ ಆ ಸೌಲಭ್ಯ ದೊರೆಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡನ್ನೇ ಬಳಸಿತು. ಅದರಲ್ಲಿ ಬರೆದದ್ದು ಕನ್ನಡದಲ್ಲೇ ಹುಡುಕಿದವರಿಗೆ ಸಿಗತೊಡಗಿತು.

ಹಳೆಯ ಸಂಕೇತದಿಂದ ಪರಿವರ್ತನೆಯಾಗದ ಪುಟಗಳು ಮತ್ತು ಪಿಡಿಎಫ್ ಕಡತಗಳ ಗತಿ ಬೇರೆ. ಅವು ಅಳಿಸಿಹೋಗದಿದ್ದರೂ ಕನ್ನಡದಲ್ಲಿ ಹುಡುಕುವ ವಿದ್ಯಾರ್ಥಿಗೆ ಇಲ್ಲದಂತೆಯೇ. ಒಂದು ಅವಧಿಯ ಬರಹವೇ ಹೀಗೆ ಮರೆಯಾಗುವುದು ಸಣ್ಣ ನಷ್ಟವೇನಲ್ಲ.

ಒಂದೇ ಊರು, ಹಲವು ಹೆಸರು

ಸಂಕೇತ ಸರಿಯಾದರೂ ಹೆಸರಿನ ತೊಡಕು ಉಳಿಯುತ್ತದೆ. ಇದಕ್ಕೆ ರಾಮನಗರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1799ರ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ಈ ಊರು ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಕೆಂಗಲ್ ಹನುಮಂತಯ್ಯನವರು ಅದನ್ನು ರಾಮನಗರವಾಗಿಸಿದರು. ಭೂವಿಜ್ಞಾನಿಗಳು ಮಾತ್ರ ಇಲ್ಲಿನ ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗಳನ್ನು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಇಲ್ಲಿನ ಬಂಡೆಗಳ ಬಗ್ಗೆ ಬರೆದ ಪುಟದಲ್ಲಿ ಒಂದೇ ಹೆಸರಿದ್ದರೆ ಉಳಿದ ಹೆಸರುಗಳಿಂದ ಹುಡುಕುವವರಿಗೆ ಅದು ತಪ್ಪಿಹೋಗಬಹುದು.

ಕೂಟಗಲ್ಲಿಗೂ ಇದೇ ಕಷ್ಟ. ಕೆಲವರು ಕೂಟಗಲ್ ಎಂದರೆ ಕೆಲವರು ಕೂಟಗಲ್ಲು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಎರಡು ‘ಓ’ ಬರೆಯುವವರೂ ಉಂಟು, ಒಂದು ‘ಯು’ ಬರೆಯುವವರೂ ಉಂಟು. ಮೇಲಾಗಿ ಕನ್ನಡದ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುತ್ತವೆ: ಕೂಟಗಲ್ಲಿಗೆ, ಕೂಟಗಲ್ಲಿನಿಂದ. ‘ಕೂಟಗಲ್‌ಗೆ’ ಎಂದು ಬಿಡಿಸಿ ಬರೆದರೆ ಲ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರುತ್ತದೆ. ಇಂದಿನ ಶೋಧಕ ಯಂತ್ರಗಳು ಇಂಥ ವ್ಯತ್ಯಾಸಗಳನ್ನು ಎಷ್ಟೋ ಮಟ್ಟಿಗೆ ಊಹಿಸಬಲ್ಲವು. ಆದರೂ ಮೂಲ ಹೆಸರು ಪುಟದಲ್ಲಿ ಎಲ್ಲಾದರೂ ಬಿಡಿಯಾಗಿ ಇರುವುದು ಕ್ಷೇಮ.

ಎರಡು ಭಾಷೆಯ ಜಾಲತಾಣ

ನಿಮ್ಮ ಶಾಲೆಯೋ ಸಂಘವೋ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಜಾಲತಾಣ ಮಾಡುವುದಾದರೆ ಪ್ರತಿ ಭಾಷೆಯ ಪುಟಕ್ಕೂ ಪ್ರತ್ಯೇಕ ವಿಳಾಸ ಕೊಡಿ. ಪುಟದ ಭಾಷೆಯನ್ನು ಎರಡಕ್ಷರದ ಗುರುತಿನಿಂದ ಸೂಚಿಸಬಹುದು. ಕನ್ನಡಕ್ಕೆ ಅದು ಕೆ ಮತ್ತು ಎನ್. ಒಂದು ಪುಟದ ಇನ್ನೊಂದು ಭಾಷೆಯ ರೂಪ ಎಲ್ಲಿದೆ ಎಂದು ತಿಳಿಸುವ ‘ಎಚ್‌ರೆಫ್‌ಲ್ಯಾಂಗ್’ ಸೂಚನೆಯನ್ನು ಗೂಗಲ್ 2011ರಿಂದ ಗಮನಿಸುತ್ತಿದೆ. ಕನ್ನಡ ಪುಟದ ಶೀರ್ಷಿಕೆಯೂ ಕನ್ನಡದಲ್ಲಿರಲಿ. ಹೆಸರುಗಳನ್ನು ಗುಪ್ತವಾಗಿ ತುರುಕುವುದರಿಂದ ಲಾಭವಿಲ್ಲ. ಪುಟದೊಳಗೆ ಅಡಗಿಸಿಡುವ ‘ಕೀವರ್ಡ್’ ಪಟ್ಟಿಯನ್ನು ತಾನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿತು. ‘ಹಿಂದೆ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರ’ ಎಂದು ವಾಕ್ಯದಲ್ಲೇ ಬರೆಯಿರಿ. ಓದುಗರಿಗೂ ತಿಳಿಯುತ್ತದೆ, ಯಂತ್ರಕ್ಕೂ ಸಿಗುತ್ತದೆ.

ಕೊನೆಯಲ್ಲಿ ಒಂದು ಸುಲಭ ಪರೀಕ್ಷೆ. ನಿಮ್ಮ ಊರಿನ ಬಗ್ಗೆ ಇರುವ ಹಳೆಯ ಕಡತವೊಂದರಿಂದ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಸರಿ. ರೋಮನ್ ಅಕ್ಷರಗಳ ರಾಶಿ ಕಂಡರೆ, ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಒಂದು ಸಂಜೆಯ ಕೆಲಸ; ಬರೆದವರ ಶ್ರಮ ಮತ್ತೆ ಓದುಗರ ಕೈಗೆ ಸಿಗುತ್ತದೆ.